ನೀರಡಿಯ ದ್ವಾರಕೆಗಳು

ವಿಜಯಪುರವನ್ನು ನೋಡಬಂದವರು ಗೋಲಗುಮ್ಮಟದಲ್ಲಿ ಒಮ್ಮೆ ಕೂಗಿ ಅದರ ಮಾರ್ದನಿಗಳನ್ನು ಎಣಿಸಿ, ಇಬ್ರಾಹಿಂ ರೋಜಾದ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು, ಮಲಿಕ-ಎ-ಮೈದಾನ ತೋಫಿನ ಮೇಲೆ ಕೈಯಾಡಿಸಿ, ಸಂಜೆಯ ಗಾಡಿಗೆ ತಮ್ಮ ಊರಿಗೆ ಮರಳುವದು ವಾಡಿಕೆ. ಇವುಗಳನ್ನು ಕುರಿತು ಬರೆದವರು ಬಹಳ ಜನ ಇರುವದರಿಂದ ನಾವು ಆ ಕೆಲಸಕ್ಕೆ ಕೈ ಹಾಕುವದಿಲ್ಲ. ನಮ್ಮ ವಿಷಯವು ಊರ ಹೊರವಲಯದ ಒಂದು ಕೆರೆಯಿಂದ ಮೊದಲಾಗುವದು. ಅದಕ್ಕೆ ಭೂತನಾಳದ ಕೆರೆಯೆಂದು ಹೆಸರು.

ಕೆರೆಯು ಬಹು ಪುರಾತನವಾದುದೇನೂ ಅಲ್ಲ. ಇಪ್ಪತ್ತನೆಯ ಶತಮಾನದ ಮೊದಮೊದಲಲ್ಲಿ, ಇಂಗ್ಲಿಷರ ಆಳಿಕೆಯ ಕಾಲಕ್ಕೆ, ನಗರಕ್ಕೆ ಕುಡಿಯುವ ನೀರು ಸಾಲದೆ ಹೋದುದರಿಂದ ಒಡ್ಡು ಕಟ್ಟಿ ಮಳೆಯ ನೀರನ್ನು ತಡೆದು ನಿಲ್ಲಿಸಿದರು. ಸುತ್ತಲಿನ ನೆಲವು ಕಲ್ಲು ಮೊರಡಿಯದು. ಜಾಲಿಯ ಹೊರತು ಬೇರೆ ನೆರಳನ್ನು ಅದು ಬಹುಕಾಲ ಕಂಡಿರಲಿಲ್ಲ. ಈಚೆಗೆ ಅಲ್ಲಿ ಸಸಿಗಳನ್ನು ನೆಟ್ಟು ಬೆಳೆಯಿಸಿರುವದರಿಂದ ಕಣ್ಣಿಗೆ ತುಸು ತಂಪಾಗುತ್ತದೆ. ಮುಂಜಾವಿನಲ್ಲಿ ಹೋದವರಿಗೆ ನೀರಕ್ಕಿಗಳ ದರ್ಶನವೂ ಆಗುವದುಂಟು. ಹೆಸರಿನ ಮೂಲವನ್ನು ಪಂಡಿತರಿಗೆ ಬಿಟ್ಟುಕೊಡುವೆವು. ಆದರೆ ಆ ಹೆಸರಿನಲ್ಲಿ ಭೂತವೂ ಉಂಟು, ನಾಳವೂ ಉಂಟು ಎಂಬದನ್ನು ನೆನೆಯದೆ ಇರಲಾರೆವು. ಭೂತವೆಂದರೆ ಪಿಶಾಚಿಯಷ್ಟೇ ಅಲ್ಲ, ಕಳೆದುಹೋದ ಕಾಲವೂ ಅಹುದು. ಆ ಕಳೆದ ಕಾಲದಿಂದ ನಮ್ಮ ವರೆಗೆ ನೀರು ಹರಿದುಬರುವ ನಾಳವೆಂದು ನಾವು ಅರ್ಥ ಮಾಡಿಕೊಂಡರೆ ವ್ಯಾಕರಣಕಾರರು ಮುನಿಯಬಾರದು. ಮುಂದೆ ಹೇಳಲಿರುವ ಸಂಗತಿಗೆ ಈ ಅರ್ಥವೇ ಹೊಂದುವದು.

ಈ ಸೀಮೆಯ ನಿಜವಾದ ಇತಿಹಾಸವನ್ನು ಬರೆಯುವವರು ಅರಸರ ವಂಶಾವಳಿಗಿಂತ ಮೊದಲು ನೀರಿನ ವಂಶಾವಳಿಯನ್ನು ಬರೆಯತಕ್ಕದ್ದು. ಮಳೆ ಕಡಿಮೆ, ಬಿಸಿಲು ಬಹಳ. ಡೋಣಿ ನದಿಯ ದಂಡೆಯ ಎರೆಯ ನೆಲವು ಜೋಳಕ್ಕೆ ಹೆಸರಾಗಿದ್ದರೂ ಆ ಹೊಳೆಯ ನೀರು ಉಪ್ಪುಪ್ಪಾಗಿರುವದು. ಇಂಥ ಸ್ಥಳದಲ್ಲಿ ಲಕ್ಷಾವಧಿ ಜನರು ಇರತಕ್ಕ ರಾಜಧಾನಿಯನ್ನು ಕಟ್ಟಿದ ಆದಿಲಶಾಹಿ ಅರಸರು ನೀರಿಗಾಗಿ ಮಾಡಿದ ಸಾಹಸವು ಗುಮ್ಮಟದ ಸಾಹಸಕ್ಕೆ ಕಡಿಮೆಯಾದುದಲ್ಲ. ತೊರವೆಯಿಂದ ನೆಲದಡಿಯ ಸುರಂಗದಲ್ಲಿ ನೀರನ್ನು ತಂದರು. 1620ರಲ್ಲಿ ತಾಜ ಬಾವಡಿಯಾಯಿತು. 1651ರಲ್ಲಿ ಮಹಮ್ಮದ ಆದಿಲಶಹನು ಬೇಗಮ್ ತಲಾಬನ್ನು ಕಟ್ಟಿಸಿ, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರನ್ನು ಪಟ್ಟಣದೊಳಕ್ಕೆ ಹರಿಸಿದನು. ನೀರಿನ ಒತ್ತಡಕ್ಕೆ ಕೊಳವೆಗಳು ಒಡೆಯಬಾರದೆಂದು ದಾರಿಯುದ್ದಕ್ಕೂ ಕಲ್ಲಿನ ಗೋಪುರಗಳನ್ನು ಎಬ್ಬಿಸಿದ್ದಾರೆ. ಇವುಗಳಿಗೆ ಗಂಜ್ ಎಂದು ಕರೆಯುವರು. ಇಂದಿಗೂ ಕೆಲವು ಗಂಜ್‌ಗಳು ಓಣಿಯ ಮಧ್ಯದಲ್ಲಿ ಒಂಟಿಯಾಗಿ ನಿಂತಿವೆ. ಪ್ರವಾಸಿಗಳು ಅವುಗಳನ್ನು ಮುರಿದ ಮಿನಾರುಗಳೆಂದು ತಿಳಿದು ಮುಂದೆ ಸಾಗುವರು.

ಇದೇ ಅರಸು ಮನೆತನದ ಎರಡನೆಯ ಇಬ್ರಾಹಿಮನು 1599ರಲ್ಲಿ ತೊರವೆಯ ಹತ್ತಿರ ನವರಸಪುರವೆಂಬ ಹೊಸ ಪಟ್ಟಣವನ್ನೇ ಹೂಡಿದ್ದನು. ಸಂಗೀತದಲ್ಲಿ ಮುಳುಗಿದ ಆ ಅರಸನ ಕನಸಿಗೆ ಕಾಲು ಶತಮಾನದ ಆಯುಷ್ಯ ಮಾತ್ರ ಇದ್ದಿತು. 1624ರಲ್ಲಿ ಅಹಮದನಗರದ ಮಲಿಕ ಅಂಬರನು ಬಂದು ಅದನ್ನು ಹಾಳುಗೆಡವಿದನು. ಈಗ ಸಂಗೀತ ಮಹಲಿನ ಕಮಾನುಗಳು ನಿಂತಿವೆ, ಊರು ಇಲ್ಲ. ಪಕ್ಕದ ತೊರವೆಯಲ್ಲಿಯೇ ಕುಮಾರ ವಾಲ್ಮೀಕಿಯು ನರಸಿಂಹನ ಅಂಕಿತದಲ್ಲಿ ರಾಮಾಯಣವನ್ನು ಹಾಡಿದ್ದು ಇಂದಿಗೂ ಜನರ ನಾಲಗೆಯ ಮೇಲಿದೆ. ಕಲ್ಲಿನ ಪಟ್ಟಣಕ್ಕಿಂತ ಓಲೆಗರಿಯ ಪಟ್ಟಣಕ್ಕೆ ಬಾಳಿಕೆ ಹೆಚ್ಚೆಂಬದು ಇಲ್ಲಿ ಎರಡು ಹೆಜ್ಜೆಯ ಅಂತರದಲ್ಲಿ ಕಾಣಸಿಗುತ್ತದೆ.

ಭೂತನಾಳದ ಒಡ್ಡಿನ ಮೇಲೆ ನಾವು ಮನೆಯ ಮಂದಿ ಕುಳಿತಿದ್ದಾಗ ನಮ್ಮೊಡನೆ ಬಂದಿದ್ದ ಎಂಟು ವರುಷದ ಹುಡುಗಿಯು, "ಅಜ್ಜಾ, ಈ ನೀರಿನ ಬುಡಕ್ಕ ಊರು ಐತೇನು?" ಎಂದು ಕೇಳಿದಳು. ಶಾಲೆಯಲ್ಲಿ ದ್ವಾರಕೆಯ ಕಥೆಯನ್ನು ಕೇಳಿ ಬಂದವಳಿಗೆ ನೀರು ಕಂಡಲ್ಲೆಲ್ಲ ದ್ವಾರಕೆಯೇ ತೋರುತ್ತಿದ್ದಿತು. ಈ ಕೆರೆಯ ಬುಡಕ್ಕೆ ಅಂಥ ಪಟ್ಟಣವೇನೂ ಇಲ್ಲವೆಂದು ಉತ್ತರವಿತ್ತೆವು. ಆದರೆ ಉತ್ತರ ಕೊಟ್ಟ ಮೇಲೆ ನಮಗೇ ಸಮಾಧಾನವಾಗಲಿಲ್ಲ. ಏಕೆಂದರೆ ಪ್ರಶ್ನೆಯು ಸುಳ್ಳಾಗಿರಲಿಲ್ಲ. ಅದನ್ನು ಕೇಳಿದ ಸ್ಥಳವು ಹತ್ತಿಪ್ಪತ್ತು ಹರಿದಾರಿ ಆಚೆಗಾಗಿದ್ದರೆ ಉತ್ತರವೇ ಬೇರೆಯಾಗುತ್ತಿದ್ದಿತು.

ಮೊದಲು ದ್ವಾರಕೆಯ ಮಾತನ್ನೇ ಆಡೋಣ. ಜರಾಸಂಧನ ದಂಡಯಾತ್ರೆಗಳಿಂದ ಬೇಸತ್ತು ಯಾದವರು ಮಥುರೆಯನ್ನು ಬಿಟ್ಟು ಪಡುವಣ ಕಡಲ ತೀರಕ್ಕೆ ಬಂದರು. ಸಮುದ್ರರಾಜನು ಹನ್ನೆರಡು ಯೋಜನದಷ್ಟು ಹಿಂದಕ್ಕೆ ಸರಿದು ಸ್ಥಳ ಕೊಟ್ಟನು. ವಿಶ್ವಕರ್ಮನು ಪಟ್ಟಣವನ್ನು ಕಟ್ಟಿದನು ಎಂದು ಪುರಾಣಗಳು ಹೇಳುವವು. ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಯಾದವರು ಆಗಲೇ ಒಮ್ಮೆ ಊರು ಬಿಟ್ಟು ಬಂದವರು. ಅವರ ಹೊಸ ಊರಿನ ನೆಲವು ಸ್ವಂತದ್ದಲ್ಲ, ಸಮುದ್ರನ ಕೈಗಡ. ಮೂವತ್ತಾರು ವರುಷಗಳ ತರುವಾಯ ಗಾಂಧಾರಿಯ ಶಾಪವು ಫಲಿಸಿ, ಪ್ರಭಾಸಕ್ಷೇತ್ರದಲ್ಲಿ ಯಾದವರು ತಮ್ಮತಮ್ಮೊಳಗೆ ಬಡಿದಾಡಿ ಅಳಿದಾಗ, ಸಮುದ್ರನು ತನ್ನ ಕೈಗಡವನ್ನು ತಿರುಗಿ ಪಡೆದನು. ಅರ್ಜುನನು ಉಳಿದ ಹೆಂಗಸರು, ಮಕ್ಕಳು, ಮುದುಕರನ್ನು ಕರೆದುಕೊಂಡು ಹೊರಬಿದ್ದ ಹಾಗೆ ಅವರ ಬೆನ್ನ ಹಿಂದೆ ಬೀದಿಬೀದಿಗಳು ನೀರಾದವು. ಭಾಗವತವು ಒಂದು ವಿಶೇಷವನ್ನು ಸೇರಿಸುವದು: ಭಗವಂತನ ಸ್ವಂತ ಮಂದಿರವೊಂದನ್ನು ಬಿಟ್ಟು ಮಿಕ್ಕುದೆಲ್ಲವೂ ಮುಳುಗಿತಂತೆ. ಜೈನ ಪುರಾಣಗಳಲ್ಲಿಯಾದರೋ ದ್ವೀಪಾಯನ ಮುನಿಯ ಕೋಪಾಗ್ನಿಯಿಂದ ದ್ವಾರಕೆಯು ಸುಟ್ಟುಹೋಗುವದು. ನೀರಾಗಲಿ ಬೆಂಕಿಯಾಗಲಿ, ಊರು ಉಳಿಯುವದಿಲ್ಲವೆಂಬಲ್ಲಿ ಎರಡೂ ಮತದವರಿಗೆ ಭೇದವಿಲ್ಲ.

ನಮ್ಮ ಮನೆಗಳಲ್ಲಿ ಗದುಗಿನ ಭಾರತವನ್ನು ಓದುವ ರೂಢಿ ಇದ್ದರೂ ಈ ಭಾಗವು ಬಹಳ ಜನರ ಕಿವಿಗೆ ಬೀಳುವದಿಲ್ಲ. ಕುಮಾರವ್ಯಾಸನು ಗದಾಪರ್ವಕ್ಕೆ ತನ್ನ ಕಥೆಯನ್ನು ನಿಲ್ಲಿಸಿದನು. ಮುಂದಿನ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿಯು ಕನ್ನಡಿಸಿದನು. ಆದರೆ ಭೀಮ ದುರ್ಯೋಧನರ ಗದಾಯುದ್ಧವನ್ನು ಕೇಳಿ ಎದ್ದು ಹೋಗುವ ಶ್ರೋತೃಗಳನ್ನು ಮೌಸಲಪರ್ವದ ವರೆಗೆ ಕುಳ್ಳಿರಿಸುವದು ಯಾವ ಗಮಕಿಗೂ ಸುಲಭವಲ್ಲ. ಇದರಿಂದ ಏನಾಗಿದೆಯೆಂದರೆ, ಪಟ್ಟಣ ಮುಳುಗಿತೆಂಬ ಒಂದು ಮಾತು ಎಲ್ಲರಿಗೂ ಗೊತ್ತು. ಅಲ್ಲಿಂದ ಹೊರಟವರು ಎಲ್ಲಿಗೆ ಹೋದರು, ದಾರಿಯಲ್ಲಿ ಅವರಿಗೆ ಏನಾಯಿತು ಎಂಬದು ಯಾರಿಗೂ ಗೊತ್ತಿಲ್ಲ. ಮೂಲದಲ್ಲಿ ಅದು ಸ್ಪಷ್ಟವಾಗಿದೆ. ದಾರಿಯಲ್ಲಿ ಆಭೀರರು ಅವರ ಮೇಲೆ ಬಿದ್ದು ಹೆಂಗಸರನ್ನು ಎಳೆದೊಯ್ದರು. ಕುರುಕ್ಷೇತ್ರವನ್ನು ಗೆದ್ದ ಅರ್ಜುನನಿಗೆ ಅಂದು ಗಾಂಡೀವಕ್ಕೆ ಹೆದೆಯೇರಿಸುವದೂ ಕಷ್ಟವಾಯಿತು. ಉಳಿದವರಲ್ಲಿ ಕೃತವರ್ಮನ ಮಗನ ಕಡೆಯವರನ್ನು ಮಾರ್ತಿಕಾವತದಲ್ಲಿ, ಸಾತ್ಯಕಿಯ ಮಗನ ಕಡೆಯವರನ್ನು ಸರಸ್ವತಿಯ ದಂಡೆಯಲ್ಲಿ, ಕೃಷ್ಣನ ಮರಿಮಗ ವಜ್ರನನ್ನು ಇಂದ್ರಪ್ರಸ್ಥದಲ್ಲಿ ನೆಲೆಗೊಳಿಸಿದನು. ಒಂದೇ ಊರಿನವರಾಗಿದ್ದವರು ಮೂರು ಊರಿನವರಾದರು. ನಮ್ಮ ಮಟ್ಟಿಗೆ ದ್ವಾರಕೆಯ ಕಥೆಯಲ್ಲಿ ಕರುಳನ್ನು ಹಿಡಿಯತಕ್ಕ ಮಾತು ಇದೇ, ಅಲೆಗಳ ವರ್ಣನೆಯಲ್ಲ.

ಈ ಮುಳುಗಿದ ಪಟ್ಟಣವನ್ನು ಹುಡುಕಲು ಹೊರಟವರಲ್ಲಿ ಮುಂದಾಳು ಕನ್ನಡಿಗರೇ ಎಂಬದು ನಮಗೆ ಅಭಿಮಾನದ ವಿಷಯ. ಶಿಕಾರಿಪುರ ರಂಗನಾಥ ರಾಯರು 1922ರಲ್ಲಿ ಹುಟ್ಟಿದವರು. ಲೋಥಲಿನ ಹರಪ್ಪಾ ಕಾಲದ ಬಂದರನ್ನು ಅಗೆದು ತೋರಿಸಿದವರು. 1983ರಿಂದ ಗೋವೆಯ ಸಮುದ್ರವಿಜ್ಞಾನ ಸಂಸ್ಥೆಯ ಮುಳುಗಾಳುಗಳೊಡನೆ ದ್ವಾರಕೆಯ ಮತ್ತು ಬೇಟ್ ದ್ವಾರಕೆಯ ಕಡಲಿನಲ್ಲಿ ಶೋಧ ನಡೆಯಿಸಿ, ಕಲ್ಲಿನ ಗೋಡೆಗಳ ಅವಶೇಷಗಳನ್ನೂ ಮೂರು ತೂತಿನ ಕಲ್ಲಿನ ಲಂಗರುಗಳನ್ನೂ ಕಂಡರು; ಇದು ಪುರಾಣದ ದ್ವಾರಕೆಯೇ ಎಂದು ಅವರು ನಂಬಿದರು. ತರುವಾಯದ ಸಂಶೋಧಕರಲ್ಲಿ ಹಲವರು ಆ ಲಂಗರುಗಳೂ ಗೋಡೆಗಳೂ ಬಹಳ ಈಚಿನ ಬಂದರಿನವಾಗಿರಬೇಕೆಂದು ವಾದಿಸುವರು. ರಾಯರು 2013ರಲ್ಲಿ ತೀರಿಕೊಂಡರು, ವಾದವು ತೀರಿಲ್ಲ. ಲಂಗರುಗಳು ಸಿಕ್ಕಿದರೆ ಅಲ್ಲಿ ಹಡಗುಗಳು ನಿಲ್ಲುತ್ತಿದ್ದವೆಂದಷ್ಟೇ ಸಿದ್ಧವಾಗುವದು. ಆ ಹಡಗಿನವರ ಹೆಸರುಗಳು ಸಿದ್ಧವಾಗುವದಿಲ್ಲ ಎಂದು ನಮ್ಮ ಅಭಿಪ್ರಾಯ. ಹಾಗೆಂದು ಕಥೆಯ ಬೆಲೆ ಕಡಿಮೆಯಾಗಬೇಕಾಗಿಲ್ಲ.

ಈಗ ಹುಡುಗಿಯ ಪ್ರಶ್ನೆಗೆ ಮರಳೋಣ. ವಿಜಯಪುರದವರು ಕುಡಿಯುವ ನೀರು ಈಗ ಬಹುಮಟ್ಟಿಗೆ ಕೊಲ್ಹಾರದ ಹತ್ತಿರ ಕೃಷ್ಣಾ ನದಿಯಿಂದ ಕೊಳವೆಗಳಲ್ಲಿ ಏರಿ ಬರುತ್ತದೆ. ಮಳೆಯನ್ನೇ ನಂಬಿ ಬೇಸಿಗೆಯಲ್ಲಿ ಬತ್ತುತ್ತಿದ್ದ ಭೂತನಾಳದಂಥ ಕೆರೆಗಳನ್ನು ಸಹ ಕೃಷ್ಣೆಯ ನೀರಿನಿಂದ ತುಂಬಿಸುವ ಏರ್ಪಾಡು ಈಚಿನ ವರುಷಗಳಲ್ಲಿ ಆಗಿದೆ. ಆ ನೀರು ನಿಂತಿರುವದು ಆಲಮಟ್ಟಿಯ ಆಣೆಕಟ್ಟಿನ ಹಿನ್ನೀರಿನಲ್ಲಿ. ಆ ಹಿನ್ನೀರಿನ ಬುಡಕ್ಕೆ ಊರುಗಳಿರುವವು. ಈ ಕೆರೆಯ ಕೆಳಗೆ ಊರಿಲ್ಲವೆಂಬದು ನಿಜ. ಆದರೆ ಈ ಕೆರೆಗೆ ಬರುವ ನೀರು ಊರುಗಳ ಮೇಲೆ ಹಾದು ಬಂದಿದೆ. ಈ ಮಾತನ್ನು ಹುಡುಗಿಗೆ ಬಾಯಲ್ಲಿ ಹೇಳುವದಕ್ಕಿಂತ ಕಣ್ಣಾರೆ ತೋರಿಸುವದೇ ಲೇಸೆಂದು ಮರುದಿನ ಬಸ್ಸು ಹತ್ತಿ ಕೊಲ್ಹಾರಕ್ಕೆ ಹೋದೆವು.

ಕೊಲ್ಹಾರವೆಂದರೆ ಮೊಸರು. ಈ ಮೊಸರನ್ನು ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿರುತ್ತಾರೆ; ಗಡಿಗೆಯನ್ನು ಡಬ್ಬು ಹಾಕಿದರೂ ಬೀಳದಷ್ಟು ಗಟ್ಟಿಯೆಂದು ಅದರ ಕೀರ್ತಿ. ನಾವು ಡಬ್ಬು ಹಾಕಿ ಪರೀಕ್ಷಿಸಲಿಲ್ಲ, ತಿಂದು ಪರೀಕ್ಷಿಸಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಇವುಗಳ ಸಂಗಡ ಅದಕ್ಕೆ ಸಮವಾದುದನ್ನು ನಾವು ಬೇರೆ ಕಡೆಯಲ್ಲಿ ಉಂಡಿಲ್ಲ. ಆದರೆ ಈ ಮೊಸರಿಗೆ ಹೆಸರು ತಂದುಕೊಟ್ಟ ಕೊಲ್ಹಾರವು ಈಗ ನೀರಿನಲ್ಲಿದೆ. ಹೊಳೆಯ ದಂಡೆಯ ಹಳೆಯ ಊರು ಮುಳುಗಡೆಯಾಗಿ, ಜನರು ಎತ್ತರದ ನೆಲದಲ್ಲಿ ಹೊಸ ಊರು ಮಾಡಿಕೊಂಡಿದ್ದಾರೆ. ಹೆಸರು, ಮೊಸರು, ಸಂತೆ ಇವಿಷ್ಟನ್ನು ಹೊತ್ತು ತಂದಿದ್ದಾರೆ. ಹೊಳೆಯ ದಂಡೆಯ ಎರೆ ಹೊಲವನ್ನು ಹೊತ್ತು ತರುವದಕ್ಕೆ ಯಾರಿಗೂ ಆಗಲಿಲ್ಲ.

ಮೊಸರು ಮಾರುವ ಮುದುಕಿಯನ್ನು, "ಯವ್ವಾ, ನಿಮ್ಮ ಹಳೇ ಮನಿ ಎಲ್ಲಿತ್ತು?" ಎಂದು ಕೇಳಿದೆವು. ಆಕೆಯು ಗಡಿಗೆಯ ಮೇಲಿನ ಕೈಯನ್ನು ತೆಗೆಯದೆ, ಗದ್ದದಿಂದಲೇ ನೀರಿನ ಕಡೆಗೆ ತೋರಿಸಿ, "ಅಲ್ಲೇ ಐತ್ರೀ. ಎಲ್ಲಿಗಿ ಹೋಗತೈತಿ?" ಎಂದಳು. ಇತ್ತೆಂದು ಹೇಳಲಿಲ್ಲ, ಐತಿ ಎಂದಳು. ಮುಳುಗಡೆಯ ಊರಿನವರ ಮಾತನ್ನು ಕಿವಿಗೊಟ್ಟು ಕೇಳಿದವರಿಗೆ ಇದು ಹೊಸದಲ್ಲ. ತಮ್ಮ ಮನೆಯ ವಿಷಯದಲ್ಲಿ ಅವರು ಭೂತಕಾಲದ ಕ್ರಿಯಾಪದವನ್ನು ಬಳಸುವದಿಲ್ಲ.

ಕೊಲ್ಹಾರದಿಂದ ಕೊರ್ತಿಯ ಕಡೆಗೆ ಹೊಳೆಯ ಮೇಲೆ ಬಹು ಉದ್ದವಾದ ಸೇತುವೆಯಿದೆ. ಅದರ ನಡುವೆ ನಿಂತು ನೋಡಿದರೆ ಮಳೆಗಾಲದ ಕೊನೆಯಲ್ಲಿ ಎರಡೂ ಕಡೆಗೆ ನೀರೇ ನೀರು. ಕಡಲನ್ನು ಕಾಣದ ಈ ಸೀಮೆಯ ಮಕ್ಕಳಿಗೆ ಅದೇ ಕಡಲು. ಬೇಸಿಗೆಯಲ್ಲಿ ನೋಟ ಬೇರೆ. ಹಿನ್ನೀರು ಸರಿದಂತೆ ಮೇಲ್ಮುದ್ದಿ ಮನೆಗಳ ಅಡಿಪಾಯದ ಕಲ್ಲುಗಳು, ಬಾವಿಯ ಕಟ್ಟೆಗಳು, ಹೂಳು ತುಂಬಿದ ಹಗೇವುಗಳ ಬಾಯಿಗಳು ಒಂದೊಂದಾಗಿ ಹೊರಬೀಳುವವು. ಹೊಳೆಯ ಸಾಲಿನ ಊರುಗಳವರು ಆಗ ತಮ್ಮ ಮೊಮ್ಮಕ್ಕಳ ಕೈಹಿಡಿದು ಬಂದು, ಇದು ಪಡಸಾಲೆ, ಇದು ಅಡಿಗೆಯ ಮನೆ, ಇಲ್ಲಿ ನಿಮ್ಮಜ್ಜಿ ಬೀಸುವ ಕಲ್ಲು ಇಡುತ್ತಿದ್ದಳು ಎಂದು ತೋರಿಸುವದುಂಟು. ಮೈಸೂರ ಕಡೆಯ ವಾಚಕರಿಗೆ ಇದನ್ನು ಓದಿ ತಮ್ಮ ಕನ್ನಂಬಾಡಿಯು ನೆನಪಿಗೆ ಬರಬಹುದು. 1911ರಲ್ಲಿ ಮೊದಲಾದ ಕೃಷ್ಣರಾಜಸಾಗರದ ಕಟ್ಟೆಯಿಂದ ಆ ಊರೂ ಅಲ್ಲಿಯ ವೇಣುಗೋಪಾಲನ ಗುಡಿಯೂ ಕಾವೇರಿಯಲ್ಲಿ ಮುಳುಗಿದವು; ಬರಗಾಲದ ವರುಷಗಳಲ್ಲಿ ಆ ಗುಡಿಯು ನೀರಿನಿಂದ ಮೇಲೆದ್ದು ಜನರಿಗೆ ದರ್ಶನ ಕೊಡುತ್ತಿದ್ದಿತು. ಈಗ ಅದರ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ತಂದು ಎತ್ತರದ ದಂಡೆಯಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿರುವರು. ದ್ವಾರಕೆಯ ಒಡೆಯನಿಗೆ ಕನ್ನಡ ನಾಡಿನಲ್ಲಿಯೂ ಮುಳುಗುವ ಯೋಗ ತಪ್ಪಲಿಲ್ಲ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಅವನನ್ನು ಮೇಲೆತ್ತಿದರು.

ಕೊಲ್ಹಾರದಿಂದ ನಿಡಗುಂದಿಯ ದಾರಿಯಾಗಿ ಆಲಮಟ್ಟಿಗೆ ಬಂದೆವು. ಇಲ್ಲಿಯ ಆಣೆಕಟ್ಟಿಗೆ 1964ನೆಯ ಮೇ ತಿಂಗಳ 22ನೆಯ ದಿವಸ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಇದಾದ ಕೆಲವೇ ದಿವಸಗಳಲ್ಲಿ ಅವರು ದೇಶದ ಪ್ರಧಾನಿಗಳಾದರು. ಜಲಾಶಯಕ್ಕೆ ಈಗ ಅವರ ಹೆಸರೇ ಇದೆ. ಕೆಲಸ ಮುಗಿಯಲು ನಾಲ್ಕು ದಶಕಗಳು ಹಿಡಿದವು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಇಪ್ಪತ್ತಾರು ಬಾಗಿಲುಗಳ ಹಿಂದೆ 519.6 ಮೀಟರಿನ ಮಟ್ಟಕ್ಕೆ ನೀರು ನಿಂತಾಗ ಸುಮಾರು 123 ಟಿ.ಎಂ.ಸಿ. ನೀರು ಹಿಡಿಯುವದು. ನೂರು ಕೋಟಿ ಘನ ಅಡಿಗೆ ಒಂದು ಟಿ.ಎಂ.ಸಿ. ಎನ್ನುವರು, ಉಳಿದ ಗುಣಾಕಾರವನ್ನು ಮನೆಯ ಮಕ್ಕಳಿಗೆ ಬಿಡಬಹುದು. ಆಣೆಕಟ್ಟಿನ ಬದಿಗೆ ಬಂಡೆಯ ತೋಟ, ಸಂಗೀತದ ಕಾರಂಜಿ ಮೊದಲಾದ ವಿನೋದಗಳಿವೆ. ಹುಡುಗರು ಅಲ್ಲಿ ರಮಿಸಿದರು. ನಮಗೆ ಆ ಅಂಕಿಗಳ ಹತ್ತಿರವೇ ಮನಸ್ಸು ನಿಂತಿತು.

ಈ ನೀರು ಬೇಡವೆಂದು ಹೇಳುವ ಧೈರ್ಯವು ವಿಜಯಪುರ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇರಲಾರದು. 1876ರಿಂದ 1878ರ ವರೆಗಿನ ಘೋರ ಬರಗಾಲದಲ್ಲಿ ಈ ಜಿಲ್ಲೆಯ ಹಳ್ಳಿಗಳು ಬರಿದಾದುದನ್ನು ಸರಕಾರಿ ದಫ್ತರಗಳೂ ಮನೆಯ ಮುದುಕರ ಮಾತುಗಳೂ ಸಾರುವವು. ಕೊಡ ಹೊತ್ತು ಹರಿದಾರಿ ನಡೆದ ತಾಯಂದಿರ ಮಕ್ಕಳೇ ನಾವೆಲ್ಲರೂ. ಕಾಲುವೆಯ ನೀರು ಬಂದಲ್ಲಿ ಕಬ್ಬು, ದ್ರಾಕ್ಷಿ, ನಿಂಬೆ ಬೆಳೆದಿವೆ. ಹೊಟ್ಟೆಪಾಡಿಗಾಗಿ ದೇಶಾಂತರ ಹೋಗುತ್ತಿದ್ದ ಮನೆಗಳಲ್ಲಿ ಈಗ ದನಕರುಗಳು ಕಟ್ಟಿವೆ. ಆದರೆ ನೀರು ಪಡೆದವರ ಊರು ಒಂದು, ನೀರಿಗೆ ಎಡೆ ಕೊಟ್ಟವರ ಊರು ಇನ್ನೊಂದು. ಕೃಷ್ಣೆ, ಘಟಪ್ರಭೆಗಳ ಎರಡೂ ದಂಡೆಗಳಲ್ಲಿ ನೂರಕ್ಕೂ ಮಿಕ್ಕ ಹಳ್ಳಿಗಳು ಈ ಒಂದು ಕಟ್ಟೆಗಾಗಿ ಎದ್ದು ಹೋದವು. ದ್ವಾರಕೆಯಲ್ಲಿ ಹೀಗಿರಲಿಲ್ಲ, ಅಲ್ಲಿ ಕಡಲು ಯಾರ ಬಾಯಾರಿಕೆಗಾಗಿಯೂ ಏರಿ ಬಂದುದಲ್ಲ. ಕಾರಣವಿಲ್ಲದ ಮುಳುಗಡೆಯನ್ನು ದೈವದ ಮೇಲೆ ಹಾಕಿ ಸುಮ್ಮನಾಗಬಹುದು. ನಮ್ಮ ಕೊಡ ತುಂಬುವದಕ್ಕಾಗಿ ಆದ ಮುಳುಗಡೆಯನ್ನು ಯಾರ ಮೇಲೆ ಹಾಕೋಣ?

ಆಲಮಟ್ಟಿಯಿಂದ ಕೆಳಗಡೆಗೆ ಕೃಷ್ಣೆಗೆ ಮಲಪ್ರಭೆಯು ಕೂಡುವ ಸ್ಥಳವೇ ಕೂಡಲಸಂಗಮ. ಬಸವಣ್ಣನವರು ಎಳೆಯ ವಯಸ್ಸಿನಲ್ಲಿ ವಿದ್ಯೆ ಕಲಿತದ್ದೂ, ಕಲ್ಯಾಣದ ಗೊಂದಲದ ನಂತರ ಬಂದು ಐಕ್ಯರಾದದ್ದೂ ಇಲ್ಲಿಯೇ. ಇಲ್ಲಿ ನಿಲ್ಲುವದು ನಾರಾಯಣಪುರದ ಆಣೆಕಟ್ಟಿನ ಹಿನ್ನೀರು. ಐಕ್ಯಮಂಟಪವು ಹೊಳೆಯ ಮಗ್ಗುಲಲ್ಲಿ ತಗ್ಗಿನಲ್ಲಿದ್ದುದರಿಂದ ಮುಳುಗುವದು ನಿಶ್ಚಯವಾಗಿದ್ದಿತು. ಆಗ ಮಂಟಪವನ್ನು ಕೀಳದೆ, ಅದರ ಸುತ್ತಲೂ ಭಾವಿಯಂತೆ ದುಂಡಗೆ ಕಾಂಕ್ರೀಟಿನ ಎತ್ತರದ ಗೋಡೆಯನ್ನು ಎಬ್ಬಿಸಿದರು. ಭಕ್ತರು ಸೇತುವೆಯ ಮೇಲಿಂದ ನಡೆದು ಹೋಗಿ, ಮೆಟ್ಟಿಲುಗಳನ್ನು ಇಳಿಯುತ್ತ ಇಳಿಯುತ್ತ ತಳಕ್ಕೆ ಮುಟ್ಟಬೇಕು. ಹೊರಗೆ ಹೊಳೆಯ ನೀರು ತಲೆಗಿಂತ ಮೇಲೆ ನಿಂತಿರುವಾಗ ಒಳಗೆ ಒಣ ನೆಲದ ಮೇಲೆ ಮಂಟಪವು ತಣ್ಣಗೆ ಕುಳಿತಿರುವದು. ಭಗವಂತನ ಮಂದಿರವೊಂದನ್ನು ಬಿಟ್ಟು ಎಂಬ ಭಾಗವತದ ಮಾತು ಇಲ್ಲಿ ನಮ್ಮ ಶಿಲ್ಪಿಗಳ ಕೈಯಿಂದ ನಿಜವಾಗಿದೆ. ಸ್ಥಾವರಕ್ಕೆ ಅಳಿವುಂಟೆಂದು ಸಾರಿದ ಮಹಾನುಭಾವರ ಐಕ್ಯಸ್ಥಳವನ್ನೇ ಸ್ಥಾವರವಾಗಿ ಕಾಪಾಡಬೇಕಾಯಿತಲ್ಲ ಎಂದು ನಮ್ಮ ಜೊತೆಯವರೊಬ್ಬರು ನಕ್ಕರು. ಮೆಟ್ಟಿಲು ಹತ್ತುತ್ತ ಏದುಸಿರು ಬಿಡುತ್ತಿದ್ದ ನಾವು ಉತ್ತರ ಕೊಡಲಿಲ್ಲ.

ಕೊನೆಯದಾಗಿ ಬಾಗಲಕೋಟೆಗೆ ಬಂದೆವು. ಹಳ್ಳಿ ಮುಳುಗುವದು ಬೇರೆ, ಪಟ್ಟಣ ಮುಳುಗುವದು ಬೇರೆ. ಘಟಪ್ರಭೆಯ ದಂಡೆಯ ಈ ಪಟ್ಟಣವು ಹತ್ತಿ, ಅರಿವೆ, ಕಾಳುಕಡಿಗಳ ವ್ಯಾಪಾರಕ್ಕೆ ಹೆಸರಾದುದು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಅದರ ಭಾಗಗಳು. ಹೋಳಿಯ ಹುಣ್ಣಿಮೆಯಲ್ಲಿ ಒಂದೊಂದು ಪೇಟೆಯವರೂ ತಮ್ಮ ತಮ್ಮ ಹಲಗೆಯ ಮೇಳಗಳನ್ನು ಕಟ್ಟಿಕೊಂಡು, ಬಣ್ಣದ ಬಂಡಿಗಳನ್ನು ಹೂಡಿಕೊಂಡು, ದಿವಸಗಟ್ಟಲೆ ಊರನ್ನು ನಡುಗಿಸುವರು. ಕಲಕತ್ತೆಯನ್ನು ಬಿಟ್ಟರೆ ಹೋಳಿಯೆಂದರೆ ಬಾಗಲಕೋಟೆಯದೇ ಎಂದು ಅಲ್ಲಿಯವರು ಹೇಳಿಕೊಳ್ಳುವರು. ಕಲಕತ್ತೆಯವರನ್ನು ಕೇಳಿದವರು ಯಾರೂ ಇಲ್ಲ. ಆಲಮಟ್ಟಿಯ ನೀರು ಏರಿದಂತೆ ಹೊಳೆಯ ಕಡೆಯ ಓಣಿಗಳು ಮುಳುಗಡೆಯ ಪಟ್ಟಿಗೆ ಸೇರಿದವು. ಊರಿಗೆ ಕೆಲವು ಕಿಲೋಮೀಟರು ದೂರದಲ್ಲಿ ನವನಗರವೆಂಬ ಹೊಸ ಪಟ್ಟಣವನ್ನು ಸರಕಾರವು ಕಟ್ಟಿತು. 1997ರಲ್ಲಿ ಬಾಗಲಕೋಟೆಯು ತಾನೇ ಒಂದು ಜಿಲ್ಲೆಯ ಮುಖ್ಯಸ್ಥಳವಾದ ಮೇಲೆ ದೊಡ್ಡ ಕಚೇರಿಗಳೂ ಅಲ್ಲಿಗೇ ಹೋದವು.

ನವನಗರದ ರಸ್ತೆಗಳು ಅಗಲ, ಗಟಾರಗಳು ನೆಟ್ಟಗೆ, ಗಿಡಗಳು ಸಾಲಾಗಿ ಇವೆ. ಸೆಕ್ಟರು ಎಂದು ಅಂಕಿಗಳಿಂದ ವಿಭಾಗ ಮಾಡಿದ್ದಾರೆ. ಕಟ್ಟಿದವರ ಶ್ರಮವನ್ನು ನಾವು ಹಳಿಯುವದಿಲ್ಲ; ಮುಳುಗಿದವರಿಗಾಗಿ ಇಂಥ ಅಚ್ಚುಕಟ್ಟಾದ ಊರುಗಳು ಎಲ್ಲ ಕಡೆಗೂ ಆಗಿಲ್ಲ. ಆದರೆ ಪೇಟೆಯವರು ಎನ್ನಿಸಿಕೊಂಡಿದ್ದವರು ಸೆಕ್ಟರಿನವರಾದಾಗ ಏನು ಹೋಯಿತೆಂಬದನ್ನು ನಕ್ಷೆಯಲ್ಲಿ ತೋರಿಸಲು ಬಾರದು. ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿ ಇದ್ದ ನಾಲ್ಕು ಮನೆಗಳವರಿಗೆ ನಾಲ್ಕು ದಿಕ್ಕಿನ ಸೆಕ್ಟರುಗಳಲ್ಲಿ ನಿವೇಶನಗಳು ಬಿದ್ದರೆ, ಸಂಜೆ ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣು ಬಿಡಿಸುತ್ತ ಮಾತನಾಡುವ ಹೆಂಗಸರು ಒಬ್ಬರನ್ನೊಬ್ಬರು ನೋಡಲು ರಿಕ್ಷಾ ಹಿಡಿಯಬೇಕಾಗುವದು. ಅರ್ಜುನನು ಯಾದವರನ್ನು ಮಾರ್ತಿಕಾವತ, ಸರಸ್ವತಿ, ಇಂದ್ರಪ್ರಸ್ಥಗಳಿಗೆ ಹಂಚಿದ್ದನ್ನು ಓದುವಾಗ ನಮಗೆ ಕಣ್ಣಿಗೆ ಕಟ್ಟುವದು ಇದೇ. ಅಲ್ಲಿಯ ಹೆಂಗಸರು ಪರಸ್ಪರರನ್ನು ಮತ್ತೆ ಕಂಡರೋ ಇಲ್ಲವೋ ವ್ಯಾಸರು ಬರೆದಿಲ್ಲ. ಬಾಗಲಕೋಟೆಯವರಾದರೋ ಹೋಳಿಗೆ ಕೂಡುವರು. ಮುಳುಗಡೆಯಿಂದ ಚದರಿದವರೂ ಆ ದಿವಸಗಳಲ್ಲಿ ತಮ್ಮ ಹಳೆಯ ಪೇಟೆಯ ಹಲಗೆಯ ಸಪ್ಪಳಕ್ಕೇ ಬಂದು ನಿಲ್ಲುವರು. ನೀವು ಎಲ್ಲಿಯವರೆಂದರೆ ಸೆಕ್ಟರಿನ ಅಂಕಿಯನ್ನು ಹೇಳದೆ ಪೇಟೆಯ ಹೆಸರನ್ನೇ ಹೇಳುವರು.

ಇಲ್ಲಿಗೂ ಕಥೆ ಮುಗಿದಿಲ್ಲ. ಬ್ರಿಜೇಶಕುಮಾರರ ಅಧ್ಯಕ್ಷತೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸಲು ಅನುಮತಿಯನ್ನು ಕೊಟ್ಟಿತು. ನಾಲ್ಕೂವರೆ ಮೀಟರೆಂದರೆ ಒಂದು ಮಾಳಿಗೆಯ ಮನೆಯ ಎತ್ತರ. ನಾವು ಇದನ್ನು ಬರೆಯುವ ಹೊತ್ತಿಗೆ ಬಾಗಿಲುಗಳು ಇನ್ನೂ ಏರಿಲ್ಲ. ನೆರೆಯ ರಾಜ್ಯಗಳ ತಕರಾರೂ ಪರಿಹಾರದ ಹಣದ ಲೆಕ್ಕವೂ ನಡೆದಿವೆ. ಏರಿದ ದಿವಸ ಮತ್ತಷ್ಟು ಹಳ್ಳಿಗಳೂ ಹಳೆಯ ಬಾಗಲಕೋಟೆಯ ಇನ್ನಷ್ಟು ಭಾಗವೂ ನೀರಿಗೆ ಸೇರುವವು. ಇತ್ತ ನೀರಾವರಿ ಕಾಣದ ಎಷ್ಟೋ ಎಕರೆಗಳಿಗೆ ಕಾಲುವೆ ಮುಟ್ಟುವದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕೆಲಸ ನಮ್ಮದಲ್ಲ. ತೂಗುವವರು ಒಮ್ಮೆ ಈ ಓಣಿಗಳಲ್ಲಿ ನಡೆದು ನೋಡಿ ತೂಗಲಿ ಎಂದಷ್ಟೇ ನಮ್ಮ ಆಸೆ.

ನಾವು ನಡೆದೆವು. ಮುಳುಗಡೆಯ ಗಡಿಗೆ ಹತ್ತಿದ ಒಂದು ಓಣಿಯಲ್ಲಿ ಅರ್ಧಕ್ಕರ್ಧ ಮನೆಗಳು ಬೀಗ ಹಾಕಿದ್ದವು. ಕೆಲವುಗಳ ಬಾಗಿಲು ಕಿಟಕಿಗಳನ್ನು ಬಿಚ್ಚಿ ಒಯ್ದಿದ್ದರು. ಅವುಗಳ ನಡುವೆ ಒಂದು ಮನೆಯ ಮುಂದೆ ಸುಣ್ಣದ ಬಾನಿ ಇಟ್ಟುಕೊಂಡು ಒಬ್ಬ ಗೃಹಸ್ಥರು ಗೋಡೆ ಬಳಿಯುತ್ತಿದ್ದರು. ಹೊಸ್ತಿಲಿಗೆ ಹೊಸದಾಗಿ ಕೆಮ್ಮಣ್ಣು ಹಚ್ಚಿದ್ದಿತು. ನೀರು ಬರಲಿರುವ ಮನೆಗೆ ಸುಣ್ಣವೇಕೆಂದು ಕೇಳುವದು ಸಭ್ಯತೆಯಲ್ಲವೆಂದು ನಾವು ಸುಮ್ಮನಿದ್ದೆವು. ಆದರೆ ನಮ್ಮ ಮುಖದ ಮೇಲೆ ಪ್ರಶ್ನೆಯು ಎದ್ದು ತೋರಿರಬೇಕು.

"ಮುಂದಿನ ತಿಂಗಳ ಮಗಳ ಮದುವಿ ಐತ್ರೀ," ಎಂದು ಅವರು ಹೇಳಿ, ಕುಂಚವನ್ನು ಬಾನಿಯಲ್ಲಿ ಅದ್ದಿ, "ಬರ್ರಿ, ಒಳಗ ಬಂದು ಚಹಾ ಕುಡೀರಿ" ಎಂದರು.